ದೀಪಕ್ಕೆ ಮರೆಯಾದ ಕೈ, ಇಳಿಬಿಟ್ಟ ಕೈ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿ ಬಂದವರನ್ನು ಅಲ್ಲಿ ಮನಸ್ಸಿನಲ್ಲಿ ನಿಂತದ್ದು ಯಾವುದೆಂದು ಕೇಳಿದರೆ, ಅವರಲ್ಲಿ ಬಹುಮಂದಿ ‘ದೀಪ ಹಿಡಿದ ಹೆಂಗಸು’ ಎಂದೇ ಉತ್ತರಿಸುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಈ ಅರಮನೆ 1915ರಲ್ಲಿ ಚಿತ್ರಶಾಲೆಯಾಗಿ ಮಾರ್ಪಟ್ಟಿತು. 1955ರಲ್ಲಿ ಅದಕ್ಕೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆ ಎಂಬ ಹೆಸರು ಬಂದಿತು. ರವಿವರ್ಮನ ಹಿರಿದಾದ ತೈಲಚಿತ್ರಗಳು, ಮೈಸೂರು ಸಂಪ್ರದಾಯದ ಚಿನ್ನದ ರೇಕಿನ ಚಿತ್ರಗಳು, ರಾಜಮನೆತನದ ಭಾವಚಿತ್ರಗಳು ಇಷ್ಟೆಲ್ಲ ಇರುವ ಆ ಸಂಗ್ರಹದಲ್ಲಿ ಜನರ ಹೆಜ್ಜೆ ತಾನಾಗಿ ತಡೆಯುವುದು ಈ ಒಂದು ಚಿತ್ರದ ಮುಂದೆ. ಪುರಾಣದ ಪ್ರಸಂಗವಾಗಲಿ ರಾಜವೈಭವವಾಗಲಿ ಅದರಲ್ಲಿಲ್ಲ. ಸೀರೆಯುಟ್ಟ ಒಬ್ಬ ಹೆಣ್ಣುಮಗಳು ಕತ್ತಲೆಯಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ ಹಿಡಿದಿದ್ದಾಳೆ. ಇನ್ನೊಂದು ಕೈಯನ್ನು ಆ ದೀಪಕ್ಕೆ ಮರೆಯಾಗಿ ಒಡ್ಡಿದ್ದಾಳೆ. ಚಿತ್ರದಲ್ಲಿರುವುದು ಇಷ್ಟೇ.

ಇದನ್ನು ರಚಿಸಿದವರು ಸಾವಂತವಾಡಿಯಲ್ಲಿ 1882ರಲ್ಲಿ ಹುಟ್ಟಿ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಎಸ್.ಎಲ್. ಹಲ್ದಣ್ಕರ್. ರಚನೆಯ ಕಾಲ 1945–46. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ; ಆಕೆ ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಚಿತ್ರಕ್ಕೆ ಇಂಗ್ಲಿಷಿನಲ್ಲಿ ‘ಗ್ಲೋ ಆಫ್ ಹೋಪ್’ ಎಂಬ ಹೆಸರಿದೆ. ಆಶೆಯ ಬೆಳಕು ಎಂದು ಅದರ ಭಾವ. ನೋಡಿದವರು ಮುಖದ ಚೆಲುವನ್ನು ಹೊಗಳುತ್ತಾರೆ, ಬೆಳಕಿನ ಬೆಡಗನ್ನು ಹೊಗಳುತ್ತಾರೆ. ಕೈಯನ್ನು ಹೊಗಳುವವರು ವಿರಳ. ಆದರೆ ಆ ಚಿತ್ರದ ಭಾವವೆಲ್ಲವೂ ನೆಲೆಗೊಂಡಿರುವುದು ಆ ಕೈಯಲ್ಲಿ. ಮನೆಯ ಗೋಡೆಯ ಮೇಲೆ ಈ ಚಿತ್ರದ ಪ್ರತಿಯುಳ್ಳವರು ಒಂದು ಪರೀಕ್ಷೆ ಮಾಡಿ ನೋಡಬಹುದು. ಮರೆಯಾಗಿ ಒಡ್ಡಿದ ಆ ಕೈಯನ್ನು ಒಂದು ಕಾಗದದಿಂದ ಮುಚ್ಚಿದರೆ ಉಳಿಯುವುದು ಒಬ್ಬ ಸುಂದರಿಯ ಭಾವಚಿತ್ರ ಮಾತ್ರ. ಕಾಗದವನ್ನು ಸರಿಸಿ ಮುಖವನ್ನು ಮುಚ್ಚಿದರೆ ಚಿತ್ರ ಇನ್ನೂ ಮಾತನಾಡುತ್ತದೆ.

ಆ ಕೈ ಹೇಳುವುದಾದರೂ ಏನು? ದೀಪವನ್ನು ಹಿಡಿದ ಕೈ ಭಾರವನ್ನು ಹೊತ್ತಿದೆ, ಅದರದು ಕರ್ತವ್ಯ. ಮರೆಯಾದ ಕೈ ಏನನ್ನೂ ಹಿಡಿದಿಲ್ಲ. ಅದು ಜ್ವಾಲೆಯನ್ನು ಮುಟ್ಟದು, ಜ್ವಾಲೆಯನ್ನು ಬಿಟ್ಟು ದೂರವೂ ಹೋಗದು. ಬೆಂಕಿಗೆ ತೀರ ಸಮೀಪವಾದರೆ ಸುಡುತ್ತದೆ. ದೂರವಾದರೆ ಗಾಳಿ ನುಗ್ಗುತ್ತದೆ. ಇವೆರಡರ ನಡುವಣ ಕಿರಿದಾದ ಅಂತರವನ್ನು ಆ ಕೈ ಬಲ್ಲದು. ಪ್ರತಿದಿನ ಸಂಜೆ ಒಳಮನೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಅಂಗಳಕ್ಕೆ ದೀಪ ಒಯ್ದು ರೂಢಿಯಾದ ಕೈಗೆ ಮಾತ್ರ ಆ ಅಂತರ ತಿಳಿದಿರುತ್ತದೆ. ಬೆರಳುಗಳು ಬಿಗಿದಿಲ್ಲ; ಆದರೆ ಸಡಿಲವೂ ಆಗಿಲ್ಲ. ಅವುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ಸೋಸಿ ಬರುತ್ತದೆ. ಬೆರಳಿನ ಅಂಚುಗಳಲ್ಲಿ ಚರ್ಮದೊಳಗಣ ರಕ್ತವೇ ಹೊಳೆಯುವಂತೆ ತೋರುತ್ತದೆ. ಕಾಯುವವಳ ಒಡಲೂ ತಾನು ಕಾಯುತ್ತಿರುವ ಬೆಳಕಿನಲ್ಲಿ ಪಾಲು ಪಡೆದಿದೆ. ಇದು ಚಿತ್ರದ ಅರ್ಥ. ಇದನ್ನು ತುಟಿಯಾಗಲಿ ಕಣ್ಣಾಗಲಿ ಹೇಳಿಲ್ಲ.

ಹಲ್ದಣ್ಕರರ ಕೌಶಲದ ಬಗೆಗೂ ಒಂದು ಮಾತು ಇಲ್ಲಿ ಅಗತ್ಯ. ಅನೇಕರು ಇದನ್ನು ತೈಲಚಿತ್ರವೆಂದು ಭಾವಿಸುತ್ತಾರೆ, ಇದು ಜಲವರ್ಣ. ತೈಲದಲ್ಲಿ ಬೆಳಕನ್ನು ಕೊನೆಯಲ್ಲಿ ಮೇಲೆ ಹಚ್ಚಬಹುದು, ತಪ್ಪಿದರೆ ಮುಚ್ಚಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕನ್ನು ಹಚ್ಚುವಂತಿಲ್ಲ, ಉಳಿಸಬೇಕು. ಎಲ್ಲಿ ಬೆಳಕು ಬೇಕೋ ಅಲ್ಲಿ ಕಾಗದದ ಬಿಳುಪನ್ನು ಮೊದಲಿನಿಂದಲೇ ಕಾಪಾಡಿಕೊಂಡು, ಸುತ್ತ ಕತ್ತಲೆಯನ್ನು ಹದವಾಗಿ ಕಟ್ಟುತ್ತ ಬರಬೇಕು. ಒಮ್ಮೆ ಕುಂಚ ತಪ್ಪಿ ಆ ಬಿಳುಪಿನ ಮೇಲೆ ಬಿದ್ದರೆ ಅದನ್ನು ಪೂರ್ತಿಯಾಗಿ ಮರಳಿ ಪಡೆಯುವುದು ಕಷ್ಟ. ಹೀಗಾಗಿ ಚಿತ್ರದೊಳಗಿನ ಕೈ ಮಾಡುತ್ತಿರುವ ಕೆಲಸವನ್ನೇ ಚಿತ್ರ ಬರೆದ ಕೈಯೂ ಮಾಡಿದೆ: ಎರಡೂ ಒಂದು ಬೆಳಕಿನ ಸುತ್ತ ಎಚ್ಚರದಿಂದ ಸುಳಿದಾಡಿವೆ, ಎರಡೂ ಅದನ್ನು ಮುಟ್ಟದೆ ಉಳಿಸಿವೆ. ವಸ್ತುವಿಗೂ ವಿಧಾನಕ್ಕೂ ಇಂಥ ಹೊಂದಿಕೆ ಚಿತ್ರಕಲೆಯಲ್ಲಿ ಸುಲಭವಾಗಿ ದೊರೆಯುವುದಲ್ಲ.

ಚಿತ್ರದಲ್ಲಿ ಕೊರತೆಗಳೇ ಇಲ್ಲವೆಂದಲ್ಲ. ಸುತ್ತಣ ಕತ್ತಲೆ ರಂಗಸ್ಥಳದ ಕತ್ತಲೆಯಂತೆ ತುಸು ಹೆಚ್ಚು ಸಿದ್ಧಗೊಂಡದ್ದು. ಮುಖ ನೋಡುವವರ ಮೆಚ್ಚುಗೆಗೆ ಕಾದಿರುವಂತೆ ಕಾಣುತ್ತದೆ; ದೀಪ ಕಾಯುವವಳ ಕಳವಳವಾಗಲಿ ಗಾಳಿಯ ಸುಳಿವಾಗಲಿ ಅಲ್ಲಿ ಕಾಣದು. ಸೀರೆಯ ಮಡಿಕೆಗಳಿಗೆ ವ್ಯಯಿಸಿದ ಜಾಣ್ಮೆ ಕಣ್ಣನ್ನು ಮುಖ್ಯವಾದದ್ದರಿಂದ ಅತ್ತ ಸೆಳೆಯುತ್ತದೆ. ಅಗ್ಗದ ಅಚ್ಚಿನ ಪ್ರತಿಗಳಲ್ಲಂತೂ ಬೆರಳುಗಳ ನಡುವಣ ಸೂಕ್ಷ್ಮ ಛಾಯೆಗಳು ಅಳಿದು ಕೈಯೆಲ್ಲ ಒಂದೇ ಕೆಂಪಿನ ಮುದ್ದೆಯಾಗುತ್ತದೆ. ಚಿತ್ರದ ಪ್ರಾಣ ಹೋಗಿ ಅಲಂಕಾರವಷ್ಟೇ ಉಳಿಯುತ್ತದೆ. ಆದರೂ ಮೂಲಕೃತಿಯ ಮುಂದೆ ನಿಂತವರಿಗೆ ಈ ಕೊರತೆಗಳೆಲ್ಲ ಆ ಒಂದು ಕೈಯ ಸತ್ಯದ ಮುಂದೆ ಹಗುರವಾಗುತ್ತವೆ.

ಈ ಕೃತಿಗೆ ಆಗಿರುವ ಇನ್ನೊಂದು ಅನ್ಯಾಯವನ್ನೂ ಹೇಳದೆ ಮುಂದೆ ಹೋಗುವಂತಿಲ್ಲ. ಇದು ರವಿವರ್ಮನ ಚಿತ್ರವೆಂಬ ಮಾತು ಜನರ ಬಾಯಲ್ಲಿ ಬಹುಕಾಲದಿಂದ ಹರಿದಾಡುತ್ತಿದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಹುಟ್ಟಿದ್ದು ಸುಮಾರು ನಲವತ್ತು ವರ್ಷಗಳ ಬಳಿಕ. ಒಬ್ಬರ ಕೈಯ ಕೆಲಸವನ್ನು ಇನ್ನೊಬ್ಬರ ಹೆಸರಿಗೆ ಬರೆಯುವುದು ಅಜ್ಞಾನದಿಂದ ಆದರೂ ಸತ್ಯವ್ರತಕ್ಕೆ ಕುಂದು. ತಿಳಿದ ಮೇಲೂ ಹಾಗೆಯೇ ಹೇಳುತ್ತ ಹೋದರೆ ಅಚೌರ್ಯವ್ರತಕ್ಕೂ ಕುಂದು. ಕೊಡದೆ ಇರುವುದನ್ನು ತೆಗೆದುಕೊಳ್ಳುವುದು ಕಳವು ಎಂದು ಬಲ್ಲ ಸಮಾಜ, ಒಬ್ಬ ಕಲಾವಿದನ ಶ್ರಮದ ಹೆಸರನ್ನು ತೆಗೆದು ಬೇರೊಬ್ಬನಿಗೆ ಕೊಡುವುದನ್ನು ಸಣ್ಣ ವಿಷಯವೆಂದು ಎಣಿಸಬಾರದು.

ಕೈಗೆ ಭಾವವನ್ನು ಹೇಳುವ ಬಲವಿದೆಯೆಂಬುದನ್ನು ಮೈಸೂರು ಈ ಚಿತ್ರದಿಂದ ಕಲಿತದ್ದಲ್ಲ. ಅದಕ್ಕೂ ಮುಂಚೆ ನಾಟ್ಯ ಅದನ್ನು ಕಲಿಸಿತ್ತು. ಭರತನ ನಾಟ್ಯಶಾಸ್ತ್ರ 24 ಅಸಂಯುತ ಹಸ್ತಗಳನ್ನೂ 13 ಸಂಯುತ ಹಸ್ತಗಳನ್ನೂ ಹೇಳುತ್ತದೆ. ಅಭಿನಯದರ್ಪಣ ಅಸಂಯುತ ಹಸ್ತಗಳನ್ನು 28ಕ್ಕೆ ಏರಿಸುತ್ತದೆ. ಕೈ ಹೋದತ್ತ ಕಣ್ಣು, ಕಣ್ಣು ಹೋದತ್ತ ಮನಸ್ಸು, ಮನಸ್ಸು ಹೋದಲ್ಲಿ ಭಾವ, ಭಾವವಿದ್ದಲ್ಲಿ ರಸ ಎಂಬ ಕ್ರಮವನ್ನು ಆ ಗ್ರಂಥ ತಿಳಿಸುತ್ತದೆ. ಆ ಸಾಲಿನಲ್ಲಿ ಮೊದಲ ಸ್ಥಾನ ಕೈಗೆ ಸಂದಿರುವುದು ಗಮನಾರ್ಹ. ಮೈಸೂರು ಆಸ್ಥಾನದಲ್ಲಿ ಈ ವಿದ್ಯೆಯನ್ನು ಬೆಳಗಿಸಿದವರು ಜಟ್ಟಿ ತಾಯಮ್ಮ (1857–1947). ಅರಮನೆಯ ಮಲ್ಲರ ಮನೆಯಲ್ಲಿ ಹುಟ್ಟಿದ ಆಕೆ ಅಭಿನಯದಲ್ಲಿ ಹೆಸರಾದರು. ತಂದೆಯ ಕೈ ಮಟ್ಟಿಯ ಮಣ್ಣಿನಲ್ಲಿ ಎದುರಾಳಿಯನ್ನು ಹಿಡಿದ ಕೈ. ಮಗಳ ಕೈ ಗಾಳಿಯಲ್ಲಿ ಕಾಣದುದನ್ನು ಕಾಣಿಸಿದ ಕೈ. ಆಕೆಯ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಕಡೂರು ಸೀಮೆಯ ಲಂಬಾಣಿ ತಾಂಡಾದಿಂದ ಬಂದು ಆಸ್ಥಾನ ನರ್ತಕಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ಕಲಿಸಿ, 1992ರಲ್ಲಿ ಪದ್ಮಭೂಷಣ ಪಡೆದರು. ಈ ಪರಂಪರೆಯಲ್ಲಿ ಕಲಾವಿದೆ ಕುಳಿತಲ್ಲೇ ಕುಳಿತು ಒಂದು ಪದದ ಒಂದೇ ಸಾಲಿಗೆ ಹಲವು ಭಾವಗಳನ್ನು ಕೈಯಿಂದ ಬಿಡಿಸಿ ತೋರಬಲ್ಲಳು. ಹೂ ಕೊಯ್ಯುವ ಕೈಯೂ ಹೂವನ್ನು ಬೇಡವೆಂದು ಬಿಡುವ ಕೈಯೂ ಒಂದೇ ಕೈ; ಬೆರಳ ತುದಿಯ ಒಂದು ಅಲುಗಾಟದಲ್ಲಿ ಅನುರಾಗ ವಿರಾಗವಾಗುತ್ತದೆ.

ಅನುರಾಗ ವಿರಾಗವಾಗುವ ಈ ಗಳಿಗೆ ಜೈನ ಪುರಾಣಕ್ಕೆ ಹೊಸದಲ್ಲ. ಆದಿನಾಥನ ವೈರಾಗ್ಯಕ್ಕೆ ಕಾರಣವಾದದ್ದು ನೀಲಾಂಜನೆಯ ನೃತ್ಯ. ಇಂದ್ರನು ಕಳುಹಿದ ಆ ದೇವನರ್ತಕಿ ಆಡುತ್ತಿರುವಾಗಲೇ ಆಕೆಯ ಆಯುಷ್ಯ ಮುಗಿದು ಮರೆಯಾದಳು. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲೇ ಅವಳಂಥ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಗೆ ಇದು ತಿಳಿಯಲಿಲ್ಲ, ವೃಷಭಸ್ವಾಮಿಗೆ ತಿಳಿಯಿತು. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಈ ಸಂದರ್ಭವನ್ನು ಕನ್ನಡಕ್ಕೆ ಚಿರಸ್ಥಾಯಿಯಾಗಿಸಿದ್ದಾನೆ. ಮಥುರೆಯ ಕಂಕಾಳಿ ಟೀಲಾದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ ಒಂದು ಪ್ರಾಚೀನ ಶಿಲಾಫಲಕದಲ್ಲಿ ವಿದ್ವಾಂಸರು ಇದೇ ನೃತ್ಯವನ್ನು ಗುರುತಿಸಿದ್ದಾರೆ. ಆಡುವ ಕೈ ಎಷ್ಟು ಸೊಗಸಾದರೂ ಅದು ಇಲ್ಲವಾಗುವ ಕೈ. ಜೈನ ದೃಷ್ಟಿ ಹಸ್ತಾಭಿನಯವನ್ನು ತಿರಸ್ಕರಿಸಲಿಲ್ಲ. ಅದರ ಸೊಗಸನ್ನು ಪೂರ್ತಿಯಾಗಿ ಕಂಡು, ಅದರ ಕೊನೆಯನ್ನೂ ಕಂಡಿತು.

ಈ ಕಾಣ್ಕೆಯೇ ಜಿನಬಿಂಬದ ಕೈಗಳನ್ನು ರೂಪಿಸಿದೆ. ಬುದ್ಧನ ಮೂರ್ತಿ ಅಭಯ ನೀಡುತ್ತದೆ, ಭೂಮಿಯನ್ನು ಮುಟ್ಟುತ್ತದೆ, ಬೆರಳುಗಳಿಂದ ಧರ್ಮಚಕ್ರವನ್ನು ತಿರುಗಿಸುತ್ತದೆ. ಇತರ ದೇವತಾಮೂರ್ತಿಗಳ ಕೈಗಳು ಆಯುಧ ಹಿಡಿಯುತ್ತವೆ, ವರ ಕೊಡುತ್ತವೆ. ಜಿನಬಿಂಬಕ್ಕೆ ಎರಡೇ ನಿಲವು: ಪದ್ಮಾಸನದಲ್ಲಿ ಅಂಗೈಯ ಮೇಲೆ ಅಂಗೈ ಇರಿಸಿ ಮಡಿಲಲ್ಲಿ ವಿಶ್ರಮಿಸಿದ ಕೈಗಳು, ಕಾಯೋತ್ಸರ್ಗದಲ್ಲಿ ಇಕ್ಕೆಲಗಳಲ್ಲಿ ಇಳಿಬಿಟ್ಟ ಕೈಗಳು. ವರಾಹಮಿಹಿರನ ಬೃಹತ್ಸಂಹಿತೆಯೂ ಅರ್ಹಂತನ ಮೂರ್ತಿಯ ತೋಳುಗಳು ಮೊಣಕಾಲಿನವರೆಗೆ ಇಳಿದಿರಬೇಕೆಂದೂ ಮೂರ್ತಿ ಪ್ರಶಾಂತವಾಗಿರಬೇಕೆಂದೂ ಹೇಳುತ್ತದೆ. ಭಾರತದ ಶಿಲ್ಪಿಗೆ ಹಸ್ತಮುದ್ರೆಗಳ ಅಷ್ಟು ದೊಡ್ಡ ಭಂಡಾರ ತೆರೆದಿದ್ದಾಗ, ಜಿನನ ಮುಂದೆ ಬಂದು ಆತ ಅದನ್ನೆಲ್ಲ ಬದಿಗಿಟ್ಟನು. ವೀತರಾಗನಿಗೆ ಕೊಡಬೇಕಾದದ್ದೂ ಇಲ್ಲ, ತೆಗೆದುಕೊಳ್ಳಬೇಕಾದದ್ದೂ ಇಲ್ಲ. ಆದ್ದರಿಂದ ಆತನ ಕೈಗೆ ಅಭಿನಯವೂ ಇಲ್ಲ. ಅದೇ ಬಸದಿಯಲ್ಲಿ ಕೂಷ್ಮಾಂಡಿನಿಯ ಕೈಯಲ್ಲಿ ಮಾವಿನ ಗೊಂಚಲು ಇರಬಹುದು, ಮಗು ಇರಬಹುದು. ಪದ್ಮಾವತಿಯ ಕೈಗಳಲ್ಲಿ ಪಾಶಾಂಕುಶಗಳಿರಬಹುದು. ಅವರಿಗೆ ಲೋಕದ ಹೊಣೆಯಿದೆ. ಗರ್ಭಗೃಹದ ಬಿಂಬದ ಕೈ ಮಾತ್ರ ಬರಿದು.

ಬರಿದಾದ ಕೈಯಲ್ಲಿ ಭಾವವಿಲ್ಲವೆಂದು ತಿಳಿಯುವುದು ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳಲು ಮೈಸೂರಿನ ಶ್ರಾವಕರಿಗೆ ದೂರ ಹೋಗಬೇಕಿಲ್ಲ. ಹುಣಸೂರು ದಾರಿಯ ಗೊಮ್ಮಟಗಿರಿಯಿದೆ, ಅದಕ್ಕೂ ಮಿಗಿಲಾಗಿ ಶ್ರವಣಬೆಳಗೊಳವಿದೆ. ಸುಮಾರು 58 ಅಡಿ ಎತ್ತರದ ಗೊಮ್ಮಟನ ಪಾದದ ಬಳಿ ನಿಂತವರು ಮುಖದ ಮಂದಹಾಸವನ್ನೇ ನೋಡುತ್ತಾರೆ. ಆ ಕೈಗಳನ್ನು ನೋಡಬೇಕು. ನಡುಬೆರಳೊಂದೇ ಐದಡಿಗೂ ಮಿಕ್ಕಿದ್ದು. ಎಂದರೆ ಕೆಳಗೆ ನಿಂತು ನೋಡುವ ಅನೇಕರಷ್ಟೇ ಎತ್ತರ. ಅಷ್ಟು ದೊಡ್ಡ ಕೈಯಲ್ಲಿ ಭಾರದ ಭಾವವಿಲ್ಲ. ತೋಳುಗಳನ್ನು ಮಾಧವೀಲತೆ ಸುತ್ತಿದೆ. ಕೈ ಅದನ್ನು ಕೀಳದು, ಕೊಡವದು. ಬಳ್ಳಿಯಷ್ಟು ಮೆತ್ತಗಿನದನ್ನೂ ಸರಿಸದಷ್ಟು ಆ ಕೈ ಶಾಂತವಾಗಿದೆಯೆಂಬುದನ್ನು ಶಿಲ್ಪಿ ಕಲ್ಲಿನಲ್ಲಿ ಸಾಧಿಸಿದ್ದಾನೆ.

ಈ ಶಾಂತಿಯ ಬೆಲೆ ತಿಳಿಯಬೇಕಾದರೆ ಆ ಕೈಗಳ ಹಿಂದಿನ ಚರಿತ್ರೆಯನ್ನು ನೆನೆಯಬೇಕು. ಬಾಹುಬಲಿ ಎಂಬ ಹೆಸರೇ ತೋಳಿನದು. ಬಾಹುವಿನ ಬಲವುಳ್ಳವನು ಎಂದು ಅದರ ಅರ್ಥ. ದೃಷ್ಟಿಯುದ್ಧ, ಜಲಯುದ್ಧಗಳಲ್ಲಿ ಗೆದ್ದು ಮಲ್ಲಯುದ್ಧದಲ್ಲಿ ಆತ ಅಣ್ಣನಾದ ಭರತನನ್ನು ಎರಡೂ ತೋಳುಗಳಿಂದ ಎತ್ತಿದನು. ಎತ್ತಿದ್ದನ್ನು ನೆಲಕ್ಕೆ ಅಪ್ಪಳಿಸುವುದು ಮಲ್ಲನ ಮುಂದಿನ ನಡೆ. ಆದರೆ ಚಕ್ರವರ್ತಿಯಾದ ಅಣ್ಣ ನೆಲಕ್ಕೆ ಬೀಳಬಾರದೆಂದು ಆ ತೋಳುಗಳು ಅವನನ್ನು ಮೆಲ್ಲನೆ ಇಳಿಸಿದವು. ಸೋತ ಭರತ ಚಕ್ರರತ್ನವನ್ನು ಪ್ರಯೋಗಿಸಿದಾಗ ಅದು ಬಾಹುಬಲಿಗೆ ಬಲವಂದು ನಿಂತಿತು. ರಾಜ್ಯದಾಸೆ ಒಡಹುಟ್ಟಿದವನ ಕೈಯನ್ನು ಎಲ್ಲಿಗೆ ತಂದಿತೆಂಬುದನ್ನು ಕಂಡು ಆತ ವಿರಕ್ತನಾದನು. ಜೈನ ಸಾಹಿತ್ಯದಲ್ಲಿ ಕೈಯ ಮೂಲಕ ಹೇಳಿದ ಅತಿದೊಡ್ಡ ಭಾವ ಇದೇ. ಎತ್ತುವುದಕ್ಕೆ ಬಲ ಸಾಕು. ಎತ್ತಿದ್ದನ್ನು ನೋಯಿಸದೆ ಇಳಿಸುವುದಕ್ಕೆ ದಯೆ ಬೇಕು. ಬೆಟ್ಟದ ಮೇಲೆ ನಿಂತಿರುವುದು ಹಾಗೆ ಇಳಿಸಿ ಬರಿದಾದ ಕೈ. ಆ ಕೈಗೆ ಅಸಾಧ್ಯವಾದದ್ದು ಯಾವುದೂ ಇರಲಿಲ್ಲ, ಆದ್ದರಿಂದಲೇ ಅದು ಸುಮ್ಮನಿರುವುದಕ್ಕೆ ಅರ್ಥವಿದೆ. ದುರ್ಬಲನ ಇಳಿಬಿದ್ದ ಕೈಯನ್ನು ಯಾರೂ ಕಾಯೋತ್ಸರ್ಗವೆಂದು ಕರೆಯುವುದಿಲ್ಲ.

ಗೊಮ್ಮಟನ ಎದುರಿಗೆ ಇನ್ನೊಂದು ಜೊತೆ ಕೈಗಳಿವೆ. ಅವು ಗುಳ್ಳೆಕಾಯಜ್ಜಿಯವು. ಚಾವುಂಡರಾಯನ ಕೊಡಕೊಡ ಹಾಲು ಮೂರ್ತಿಯನ್ನು ಪೂರ್ತಿ ತೋಯಿಸದೆ ಹೋದಾಗ, ಆ ಮುದುಕಿ ತಂದ ಒಂದು ಗುಳ್ಳೆಕಾಯಿಯಷ್ಟು ಹಾಲು ಅಡಿಯವರೆಗೆ ಹರಿಯಿತೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದು. ಶಿಲ್ಪಿ ಆಕೆಯ ಕೈಯಲ್ಲಿ ಆ ಗುಳ್ಳೆಕಾಯಿಯನ್ನೇ ಇರಿಸಿದ್ದಾನೆ. ಚಿಕ್ಕದನ್ನು ಜತನದಿಂದ ಹಿಡಿದ ಆ ಕೈಗೂ ಜಗನ್ಮೋಹನ ಅರಮನೆಯ ದೀಪದ ಕೈಗೂ ಸಾವಿರ ಮೈಲಿ ಅಂತರವಿಲ್ಲ. ಎರಡೂ ಒಂದೇ ಮನೆಯ ಕೈಗಳು.

ಹೀಗೆ ಎರಡು ಬಗೆಯ ಕೈಗಳು ಎದುರುಬದುರಾಗಿ ನಿಲ್ಲುತ್ತವೆ: ಕಾಯುವ ಕೈ, ಬಿಟ್ಟ ಕೈ. ಇವುಗಳ ಸಂಬಂಧವನ್ನು ತಿಳಿಯಲು ಜೈನ ಆಚಾರಶಾಸ್ತ್ರದಲ್ಲಿಯೇ ಮಾತುಗಳಿವೆ. ಮುನಿಗಳಿಗೆ ಐದು ಸಮಿತಿಗಳನ್ನೂ ಮೂರು ಗುಪ್ತಿಗಳನ್ನೂ ವಿಧಿಸಲಾಗಿದೆ. ಸಮಿತಿ ಎಂದರೆ ಮಾಡುವುದನ್ನು ಎಚ್ಚರದಿಂದ ಮಾಡುವುದು. ಗುಪ್ತಿ ಎಂದರೆ ಮನೋವಾಕ್ಕಾಯಗಳನ್ನು ತಡೆದು ನಿಲ್ಲಿಸುವುದು. ಐದು ಸಮಿತಿಗಳಲ್ಲಿ ಆದಾನನಿಕ್ಷೇಪಣ ಸಮಿತಿ ನೇರವಾಗಿ ಕೈಗೆ ಸಂಬಂಧಿಸಿದ್ದು: ಒಂದು ವಸ್ತುವನ್ನು ಎತ್ತುವಾಗ, ಇಡುವಾಗ ಜೀವಕ್ಕೆ ನೋವಾಗದಂತೆ ನೋಡಿಕೊಳ್ಳುವುದು. ಗೃಹಸ್ಥನು ಇದನ್ನು ಮುನಿಯಂತೆ ಪೂರ್ತಿಯಾಗಿ ಪಾಲಿಸಲಾರ. ಆದರೆ ಅವನ ಮನೆಯ ಅಹಿಂಸೆ ಆರಂಭವಾಗುವುದು ಇಲ್ಲಿಯೇ. ಸಂಜೆಯ ದೀಪಕ್ಕೆ ಕೈ ಮರೆ ಮಾಡುವುದು ಗಾಳಿಗೆ ದೀಪ ಆರಬಾರದೆಂದು ಮಾತ್ರವಲ್ಲ, ಹಾರುವ ಹುಳು ಬಂದು ಬೀಳಬಾರದೆಂದೂ ಹೌದು ಎಂಬುದನ್ನು ಜೈನಗೃಹಿಣಿಗೆ ಯಾರೂ ಹೇಳಿಕೊಡಬೇಕಿಲ್ಲ. ಉರಿಯುವ ಅಗ್ನಿಯೂ ಏಕೇಂದ್ರಿಯ ಜೀವವೆಂದು ನಂಬುವ ಧರ್ಮದಲ್ಲಿ ಆ ಕೈ ಏಕಕಾಲಕ್ಕೆ ಬೆಂಕಿಯನ್ನೂ ಹುಳುವನ್ನೂ ಕಾಯುತ್ತದೆ. ಹಲ್ದಣ್ಕರರು ಇದನ್ನು ಉದ್ದೇಶಿಸಿ ಬರೆದರೆಂದಲ್ಲ. ಆದರೆ ಅವರು ಕೈಯ ಎಚ್ಚರವನ್ನು ಅಷ್ಟು ನಿಜವಾಗಿ ಕಂಡದ್ದರಿಂದ, ಈ ಅರ್ಥಕ್ಕೂ ಆ ಚಿತ್ರದಲ್ಲಿ ಎಡೆಯಿದೆ. ಅದು ಸಮಿತಿಯ ಕೈ. ಗೊಮ್ಮಟನದು ಗುಪ್ತಿಯ ಕೈ. ಮೊದಲನೆಯದರಲ್ಲಿ ಪಳಗದವನು ಎರಡನೆಯದನ್ನು ಕೈ ಜೋಡಿಸಿ ನೋಡಬಹುದು, ಅರಿಯಲಾರ.

ಇವೆರಡೂ ಒಂದನ್ನೊಂದು ಮುಟ್ಟುವ ಒಂದು ಗಳಿಗೆಯುಂಟು. ಅದು ಆಹಾರದಾನ. ದಿಗಂಬರ ಮುನಿ ಪಾತ್ರೆ ಹಿಡಿಯುವುದಿಲ್ಲ. ಜೋಡಿಸಿದ ಕೈಗಳೇ ಪಾತ್ರೆ. ನಿಂತು, ಕರಪಾತ್ರದಲ್ಲಿ ಸ್ವೀಕರಿಸಿ, ಆ ಜೋಡಣೆ ಬಿಟ್ಟೊಡನೆ ಅಂದಿನ ಆಹಾರ ಮುಗಿಯುತ್ತದೆ. ಹಸ್ತಿನಾಪುರದಲ್ಲಿ ಶ್ರೇಯಾಂಸನು ಆದಿನಾಥನಿಗೆ ಕಬ್ಬಿನ ಹಾಲನ್ನು ಎರೆದದ್ದೂ ಹೀಗೆಯೇ. ಅಕ್ಷಯತೃತೀಯೆಯ ಮೂಲ ಅದು. ಅಲ್ಲಿ ಕೊಡುವ ಕೈ ಮೇಲಿದೆ, ಪಡೆಯುವ ಕೈ ಕೆಳಗಿದೆ; ಆದರೂ ದೊಡ್ಡದು ಕೆಳಗಿನ ಕೈ, ಧನ್ಯವಾದದ್ದು ಮೇಲಿನ ಕೈ. ಕೊಡುವವನಿಗೆ ಹೆಮ್ಮೆಯಾಗದಂತೆಯೂ ಪಡೆಯುವವನಿಗೆ ದೈನ್ಯವಾಗದಂತೆಯೂ ಎರಡು ಜೊತೆ ಕೈಗಳನ್ನು ಬರೆಯುವುದಕ್ಕಿಂತ ಕಠಿಣವಾದ ಪರೀಕ್ಷೆ ಚಿತ್ರಕಾರನಿಗೆ ಇಲ್ಲ. ಪಶ್ಚಿಮದ ಕಲಾವಿದರೂ ಕೈಗೆ ಇಂಥ ಗೌರವ ಕೊಟ್ಟಿದ್ದಾರೆ. ಜರ್ಮನಿಯ ಡ್ಯೂರರ್ 1508ರಲ್ಲಿ ಬರೆದ ಪ್ರಾರ್ಥಿಸುವ ಕೈಗಳಲ್ಲಿ ಮುಖವೇ ಇಲ್ಲ; ಆದರೂ ನೋಡುವವರು ಆ ವ್ಯಕ್ತಿಯನ್ನು ಅರಿಯುತ್ತಾರೆ. ಫ್ರಾನ್ಸಿನ ರೋಡಿನ್ 1908ರಲ್ಲಿ ಸಮೀಪಿಸಿದ ಎರಡು ಕೈಗಳನ್ನು ಕಡೆದು ಅದಕ್ಕೆ ದೇವಮಂದಿರದ ಹೆಸರಿಟ್ಟನು. ಅವೆರಡೂ ಬಲಗೈಗಳು, ಅರ್ಥಾತ್ ಇಬ್ಬರವು. ಇಬ್ಬರ ಕೈಗಳ ನಡುವಣ ತೆರಪೇ ಅಲ್ಲಿ ಗುಡಿ. ಆಹಾರದಾನದ ನಾಲ್ಕು ಕೈಗಳ ನಡುವೆ ಇರುವುದೂ ಅಂಥದೇ ತೆರಪು.

ನಮ್ಮ ಬಸದಿಗಳ ಸಭಾಮಂಟಪಗಳಲ್ಲಿ, ಕಲ್ಯಾಣಮಂದಿರಗಳ ಗೋಡೆಗಳಲ್ಲಿ, ಹಬ್ಬದ ಕ್ಯಾಲೆಂಡರುಗಳಲ್ಲಿ ಈ ಪ್ರಸಂಗಗಳನ್ನು ಹೇಗೆ ಬರೆಯಿಸಲಾಗುತ್ತಿದೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಲೇಬೇಕಾಗಿದೆ. ಬಣ್ಣ ಪ್ರಖರವಾಗಿರುತ್ತದೆ, ಮುಖದ ಸುತ್ತ ಪ್ರಭಾವಲಯವಿರುತ್ತದೆ, ದಾನಿಗಳ ಹೆಸರು ದಪ್ಪಕ್ಷರದಲ್ಲಿರುತ್ತದೆ. ಕೈಗಳು ಮಾತ್ರ ಕೊನೆಯಲ್ಲಿ ಅವಸರದಿಂದ ಮುಗಿಸಿದಂತಿರುತ್ತವೆ. ನೀಲಾಂಜನೆಯ ಕೈಯೂ ಶ್ರೇಯಾಂಸನ ಕೈಯೂ ಭರತನ ಕೈಯೂ ಒಂದೇ ಅಚ್ಚಿನಿಂದ ತೆಗೆದವು. ಇದಕ್ಕಿಂತಲೂ ಗಂಭೀರವಾದದ್ದು, ಕೆಲವು ಚಿತ್ರಗಳಲ್ಲಿ ತೀರ್ಥಂಕರನ ಕೈಯನ್ನೇ ಮೇಲೆತ್ತಿ ಹರಸುವಂತೆ ತೋರಿಸಿ ಅಂಗೈಯಿಂದ ಕಿರಣಗಳನ್ನು ಹೊರಡಿಸುವ ರೂಢಿ. ಇದು ಭಕ್ತಿಯಿಂದ ಆದದ್ದೇ ಇರಬಹುದು. ಆದರೆ ಅದರಿಂದ ಸಿದ್ಧಾಂತವೇ ಪಲ್ಲಟವಾಗುತ್ತದೆ. ವರ ಕೊಡುವ ಕೈಯನ್ನು ಕಂಡ ಮಗು ಬೇಡುವುದನ್ನು ಕಲಿಯುತ್ತದೆ. ಇಳಿಬಿಟ್ಟ ಕೈಯನ್ನು ಕಂಡ ಮಗು ಒಂದಲ್ಲ ಒಂದು ದಿನ, ಇವನು ಏನನ್ನೂ ಏಕೆ ಹಿಡಿದಿಲ್ಲ ಎಂದು ಕೇಳುತ್ತದೆ. ಆ ಪ್ರಶ್ನೆಯಿಂದ ಅಪರಿಗ್ರಹದ ಪಾಠ ಆರಂಭವಾಗುತ್ತದೆ.

ಜೈನ ಲಾಂಛನದಲ್ಲಿ ಎತ್ತಿದ ಅಂಗೈಯಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974–75ರಲ್ಲಿ, ಎಲ್ಲ ಪಂಥಗಳೂ ಒಪ್ಪಿದ ಆ ಲಾಂಛನದ ಅಂಗೈಯ ನಡುವೆ ಚಕ್ರವೂ ಅಹಿಂಸೆಯೆಂಬ ಮಾತೂ ಇವೆ. ಆದರೆ ಆ ಕೈ ತೀರ್ಥಂಕರನ ಶರೀರದ್ದಲ್ಲ. ಅದು ಉಪದೇಶದ ಸಂಕೇತ. ಕೆಲಸಕ್ಕೆ ಮುನ್ನ ಒಂದು ಗಳಿಗೆ ನಿಲ್ಲು, ನಿನ್ನ ಕೈಯಿಂದ ಯಾರಿಗೆ ನೋವಾದೀತೆಂದು ಯೋಚಿಸು ಎಂದು ಅದು ಶ್ರಾವಕನ ಕೈಗೆ ಹೇಳುತ್ತದೆ. ಸಂಕೇತಕ್ಕೆ ಸಲ್ಲುವುದನ್ನು ಬಿಂಬಕ್ಕೆ ಹೊರಿಸುವುದು ವಿವೇಕವಲ್ಲ. ಚಿತ್ರ ಬರೆಯಿಸುವ ಟ್ರಸ್ಟುಗಳು ಮುಖದ ಮಾದರಿಯನ್ನು ಕೊಡುವಂತೆಯೇ ಕೈಯ ಅರ್ಥವನ್ನೂ ಕಲಾವಿದನಿಗೆ ತಿಳಿಸಬೇಕು, ಪಂಡಿತರನ್ನು ಕೇಳಬೇಕು, ಅವಸರದ ಕೆಲಸವನ್ನು ಅಗ್ಗವಾಯಿತೆಂದು ಒಪ್ಪಬಾರದು. ಕೆಲಸ ಮುಗಿದ ಮೇಲೆ ದಾನಿಯ ಹೆಸರಿನ ಜೊತೆಗೆ ಬರೆದವನ ಹೆಸರನ್ನೂ ಕಾಣಿಸಬೇಕು. ಗೊಮ್ಮಟನ ಪಾದದ ಬಳಿಯ ಶಾಸನಗಳು ಚಾವುಂಡರಾಯನು ಮಾಡಿಸಿದನೆಂದು ಕನ್ನಡ, ತಮಿಳು, ಮರಾಠಿಗಳಲ್ಲಿ ಹೇಳುತ್ತವೆ. ಮಾಡಿದ ಕೈಗಳ ಹೆಸರನ್ನು ಹೇಳುವುದಿಲ್ಲ. ಆ ಕಾಲದ ರೂಢಿ ಅದಾಗಿತ್ತು. ಇಂದು ಹಾಗೆ ಮರೆಯಲು ನಮಗೆ ಕಾರಣವಿಲ್ಲ.

ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಕುಟುಂಬಗಳು ಆ ಚಿತ್ರದ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲಲಿ. ಮುಖವನ್ನು ಬಿಟ್ಟು ಕೈಯನ್ನು ತೋರಿಸಲಿ. ಬರೆದವರ ಹೆಸರನ್ನು ಸರಿಯಾಗಿ ಹೇಳಲಿ. ಮುಂದಿನ ರಜೆಯಲ್ಲಿ ಬೆಳಗೊಳದ ಬೆಟ್ಟ ಹತ್ತಿದಾಗ ಅದೇ ಮಕ್ಕಳಿಗೆ ಬಳ್ಳಿ ಸುತ್ತಿದ ಆ ತೋಳುಗಳನ್ನು ತೋರಿಸಲಿ. ಒಂದು ಕೈ ಏನನ್ನು ಕಾಯಬೇಕೆಂಬುದನ್ನು ಹೇಳುತ್ತದೆ, ಇನ್ನೊಂದು ಕೈ ಏನನ್ನು ಬಿಡಬೇಕೆಂಬುದನ್ನು. ಇವೆರಡನ್ನೂ ಕಂಡ ಮಕ್ಕಳು ಮನೆಗೆ ಬಂದು ತಮ್ಮ ಕೈಗಳನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡರೆ, ಕಲೆ ತನ್ನ ಕೆಲಸವನ್ನು ಮಾಡಿದಂತಾಯಿತು.